ವೀರಗಲ್ಲಿನ ಪಕ್ಕದ ಬಂಗುಡೆ

ನನಗೊಂದು ಕಾಯಿಲೆಯಿದೆ. ಬಾಯಲ್ಲಿ ನೆಟ್ಟಗೆ ಬರುವ ಕನ್ನಡ, ಕೈಗೆ ಪೆನ್ನು ಸಿಕ್ಕ ಕೂಡಲೇ ಶಲ್ಯ ಹೊದ್ದು ವೇದಿಕೆ ಹತ್ತಿಬಿಡುತ್ತದೆ. ನಮ್ಮ ಗೇಟಿಗೆ 'ಶ್ವಾನವಿದೆ' ಎಂದು ಬರೆಸಿದ್ದೆ. ಗ್ಯಾಸ್ ಸಿಲಿಂಡರ್ ತರುವವನು ಸೀದಾ ಒಳಬಂದು ಕಚ್ಚಿಸಿಕೊಂಡ. "ನಾನ್ ಸ್ನಾನ ಅಂದ್ಕಂಡೆ ಮಾರಾಯ್ರೆ" ಎಂದು ಅವನು ಕಾಲು ತೋರಿಸಿದಾಗಲೂ ನನಗೆ ಬುದ್ಧಿ ಬರಲಿಲ್ಲ. ಅವನ ಓದಿನ ಬಗ್ಗೆಯೇ ಮರುಕಪಟ್ಟೆ.

ಇಂಥ ನನ್ನನ್ನು ಊರಿನ ಯುವಕ ಮಂಡಲದವರು ಒಂದು ಕೆಲಸಕ್ಕೆ ಹಚ್ಚಿದರು. ಹಾಲಾಡಿಗೆ ಹೋಗುವ ದಾರಿಯಲ್ಲಿ, ಗೋಳಿಮರದ ಬುಡದಲ್ಲಿ ಒಂದು ವೀರಗಲ್ಲಿದೆ. ಕತ್ತಿ ಹಿಡಿದವನೊಬ್ಬ, ಅವನ ಹಿಂದೆ ದನಗಳು. ಪಕ್ಕದ ನೆರಳಿನಲ್ಲಿ ಕೂತು ಗಿರಿಜಕ್ಕ ಬಂಗುಡೆ ಮೀನು ಮಾರುತ್ತಾರೆ. "ಗಿರಿಜಕ್ಕ ಕೂಕಂಬಲ್ಲಿನ ಕಲ್ಲ್" ಎಂಬುದಕ್ಕಿಂತ ಹೆಚ್ಚಿನ ಮಹತ್ವವನ್ನು ಊರು ಅದಕ್ಕೆ ಕೊಟ್ಟಿರಲಿಲ್ಲ. ಅದರ ಇತಿಹಾಸ ಜನಕ್ಕೆ ಮುಟ್ಟಿಸುವುದು ಹೇಗೆಂದು ಸಭೆ ಸೇರಿ, ಗೋಳಿಬಜೆ ಖಾಲಿ ಮಾಡಿ, ಫಲಕ ಹಾಕುವುದು, ಬರೆಯುವುದು ನಾನು ಎಂದು ತೀರ್ಮಾನವಾಯಿತು.

'ಇಲ್ಲಿ ವೀರನೊಬ್ಬ ಊರಿನ ಗೋವುಗಳಿಗಾಗಿ ಹೋರಾಡಿ ಮಡಿದನು' ಎಂದು ಬರೆದೆ. ಹೆಂಡತಿ ಸುಮತಿ ಓದಿ, "ಹ್ವಾಯ್, ಸತ್ತ ಅಂದ್ರೆ ಸಾಕಲ್ದಾ?" ಎಂದಳು. "ಸಾಯೂದ್ ನಾವೆಲ್ಲ. ವೀರ್ರ್ ಮಡಿತ್ರ್" ಎಂದು ತಿದ್ದಿದೆ.

ಪೇಂಟರ್ ಅಕ್ಷರ ದೊಡ್ಡದು ಮಾಡಿದ, ಹಲಗೆ ಸಣ್ಣದಾಯಿತು. 'ಹೋರಾಡಿ ಮಡಿ' ಎಂಬಲ್ಲಿಗೆ ಸಾಲು ಮುಗಿದು, 'ದನು' ಕೆಳಗಿಳಿದು ಹುಲ್ಲಿನಲ್ಲಿ ಮರೆಯಾಯಿತು. ಸ್ವಲ್ಪ ದಿನದಲ್ಲೇ ಜನ ಅಲ್ಲಿ ಚಪ್ಪಲಿ ಬಿಡತೊಡಗಿದರು. ಯಾರೋ ಅರಿಶಿನ ಬಳಿದರು, ಯಾರೋ ಬಾಳೆಹಣ್ಣಿಟ್ಟರು. ಮಡಿಯ ಜಾಗದಲ್ಲಿ ಮೀನೇ ಎಂದು ಗಿರಿಜಕ್ಕನನ್ನು ಎಬ್ಬಿಸಿ ರಸ್ತೆಯಾಚೆಯ ಬಿಸಿಲಿಗೆ ಕಳಿಸಿದರು. ಅಲ್ಲಿ ಐಸೂ ಕರಗಿತು, ಗಿರಾಕಿಗಳೂ ಕರಗಿದರು. ಕೊನೆಗೆ ಅವರು ಬುಟ್ಟಿ ತರುವುದನ್ನೇ ಬಿಟ್ಟರು. ನಮ್ಮ ಮನೆಯಲ್ಲಿ ದಿನಾ ಸೌತೆಕಾಯಿ ಹುಳಿ. ಇತಿಹಾಸದ ಮೇಲೆ ನನಗಿದ್ದ ಪ್ರೀತಿ ಬೇಗನೆ ಹಳಸಿತು.

ಒಂದು ದಿನ ಗಿರಿಜಕ್ಕ ಮನೆಗೇ ಬಂದರು. "ಎಂತ ಬರ್ದ್ರಿ ನೀವ್? ಇಷ್ಟ್ ವರ್ಷ ನಾನ್ ಕೂಕಂಡ್ರೂ ಕಲ್ಲಿಗ್ ಮೈಲಿಗೆ ಆಯ್ಲಿಲ್ಲೆ, ಈಗ ಆತ್ತಾ? ನಾನ್ ಇನ್ನ್ ಎಲ್ಲಿ ಕೂಕಣ್ಕ್?" ಎನ್ನುತ್ತ ನಮ್ಮ ಜಗಲಿಯ ಮೇಲೇ ಕೂತುಬಿಟ್ಟರು. ನನಗೆ ನಿಜಕ್ಕೂ ನಾಚಿಕೆಯಾಯಿತು.

ನಾನೇ ಬ್ರಷ್ ಹಿಡಿದು ಹೋದೆ. ಹಳೆಯದನ್ನೆಲ್ಲ ಅಳಿಸಿ, ಯಾರಿಗೂ ಅನುಮಾನ ಬಾರದಂತೆ, 'ಸತ್ತು ನೂರಾರು ವರ್ಷಗಳಾದವು' ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಮಡಿ ಹೋಯಿತು, ಚಪ್ಪಲಿಗಳು ಕಾಲಿಗೆ ಮರಳಿದವು, ಗಿರಿಜಕ್ಕ ನೆರಳಿಗೆ ಬಂದು ಫಲಕದ ಕೆಳಗೇ ಬುಟ್ಟಿ ಇಟ್ಟರು. ಮರುದಿನ ಅವರದೇ ಫೋನು.

"ಹ್ವಾಯ್, ಒಂದ್ಸಲಿ ಬಂದ್ ಕಾಣಿ. ಬೈಕಿನವ್ರೆಲ್ಲ ಬೋರ್ಡ್ ಓದಿ, ಬುಟ್ಟಿ ಕಂಡ್, ನೆಗಾಡ್ಕಂಡ್ ಹೋತ್ರ್. ನನ್ ಬಂಗುಡೆ ಸತ್ತದ್ ಇವತ್ತ್ ಬೆಳಿಗ್ಗೆ ಮಾರಾಯ್ರೆ!"

ಈಗ ಫಲಕದಲ್ಲಿ ಎರಡು ಸಾಲುಗಳಿವೆ. ಕಲ್ಲಿನ ಕಡೆ ಬಾಣ ಹಾಕಿ, 'ಸತ್ತು ನೂರಾರು ವರ್ಷಗಳಾದದ್ದು ಇವನು.' ಬುಟ್ಟಿಯ ಕಡೆ ಬಾಣ ಹಾಕಿ, 'ಮೀನು ಇವತ್ತಿನದು.' ನನ್ನ ಬರಹಗಳಲ್ಲಿ ಎಲ್ಲರಿಗೂ ಒಂದೇ ಓದಿಗೆ ಅರ್ಥವಾದದ್ದು ಈ ಎರಡನೆಯ ಸಾಲು. ಸೋಮವಾರ ಮಾತ್ರ ಅದು ಪೂರ್ತಿ ನಿಜವಲ್ಲ, ಭಾನುವಾರ ಉಳಿದದ್ದೂ ಬುಟ್ಟಿಯಲ್ಲಿರುತ್ತದೆ. ಜಗಳವಾಡೋಣವೆಂದರೆ ಬರೆದವನು ನಾನೇ. ಮೊನ್ನೆ ಸೋಮವಾರವೂ ಸುಮ್ಮನೆ ತಂದು, ಇವತ್ತಿನದೇ ಎಂದು ಸುಮತಿಯ ಕೈಗಿತ್ತೆ. ಅವಳು ಒಂದು ಬಂಗುಡೆಯನ್ನೆತ್ತಿ ಮೂಸಿದಳು.

"ಇದ್ ಸತ್ತದ್ದಲ್ಲ ಹ್ವಾಯ್, ಮಡಿದದ್ದ್!"