ಭಾವನವರು ಇನ್ನೂ ಫೋಕಸ್ ಮಾಡುತ್ತಿದ್ದಾರೆ

ನಮ್ಮ ಮನೆಯ ಫೋಟೋಗಳಲ್ಲಿ ಯಾರೂ ನಗುವುದಿಲ್ಲ. ಹಾಗೆಂದು ನಾವು ನಗು ಬಾರದ ಜನವೇನಲ್ಲ. ಕ್ಯಾಮೆರಾದ ಮುಂದೆ ನಿಂತಾಗ ನಕ್ಕೇ ನಿಂತಿರುತ್ತೇವೆ. ಆದರೆ ನಮ್ಮ ಭಾವನವರು ಗುಂಡಿ ಒತ್ತುವ ಹೊತ್ತಿಗೆ ಆ ನಗು ಹುಟ್ಟಿ, ಬೆಳೆದು, ಮುಪ್ಪಾಗಿ, ತೀರಿಕೊಂಡು, ಮುಖದ ಮೇಲೆ ಅದರ ಸೂತಕದ ಕಳೆ ಮಾತ್ರ ಉಳಿದಿರುತ್ತದೆ!

ಭಾವನವರೆಂದರೆ ನನ್ನ ಅಕ್ಕನ ಗಂಡ. ಸಾಗರದಲ್ಲಿ ಅವರದೊಂದು ಕನ್ನಡಕದ ಅಂಗಡಿಯಿದೆ. ಊರಿನವರಿಗೆಲ್ಲ ದೂರದ್ದು, ಹತ್ತಿರದ್ದು ಸ್ಪಷ್ಟ ಕಾಣುವಂತೆ ಮಾಡಿಕೊಡುವ ಮನುಷ್ಯ. ಅಂಥವರ ಬಳಿಗೆ ಒಂದು ದಿನ ಪೇಟೆಯ ಹಳೇ ಸ್ಟುಡಿಯೋದವರು ಬಂದರು. ಸ್ಟುಡಿಯೋ ಮುಚ್ಚುತ್ತಿದ್ದರಂತೆ. ಕನ್ನಡಕದ ಕಡ್ಡಿ ರಿಪೇರಿಗೆ ಕೊಟ್ಟವರು, ಜೇಬಿನಿಂದ ಜಪಾನಿನ ಒಂದು ಹಳೆಯ ಲೆನ್ಸ್ ತೆಗೆದು, "ಇದರ ಗಾಜಾದ್ರೂ ನಿಮಗೆ ಉಪಯೋಗ ಆಗತ್ತೇನೋ ನೋಡಿ" ಎಂದು ಮೇಜಿನ ಮೇಲಿಟ್ಟು ಹೋದರು. ಭಾವನವರು ಅದನ್ನು ಕಣ್ಣಿಗೆ ಹಿಡಿದು, ಅದರ ಸುತ್ತ ಇದ್ದ ಉಂಗುರವನ್ನು ಮೆಲ್ಲಗೆ ತಿರುಗಿಸಿದರು. ಅಷ್ಟೇ. ಆವತ್ತಿನಿಂದ ಅವರು ನಮ್ಮ ಕೈಗೆ ಸಿಕ್ಕಿಲ್ಲ.

ಈಗ ಅವರ ಹತ್ತಿರ ಜಪಾನಿನ ಲೆನ್ಸಿದೆ, ಜರ್ಮನಿಯದಿದೆ, ತೆಂಗಿನಕಾಯಿ ಒಡೆಯಬಹುದಾದಷ್ಟು ಭಾರದ ರಷ್ಯಾದ್ದೊಂದಿದೆ. ಎಲ್ಲವೂ ಅವರಷ್ಟೇ ವಯಸ್ಸಿನವು. ಒಂದಕ್ಕೂ ತಾನಾಗಿ ಫೋಕಸ್ ಮಾಡಿಕೊಳ್ಳುವ ಬುದ್ಧಿಯಿಲ್ಲ. ಮಸುಕಾದದ್ದು ಸ್ಪಷ್ಟವಾಗುವವರೆಗೆ ಉಂಗುರವನ್ನು ಕೈಯಲ್ಲೇ ತಿರುಗಿಸುತ್ತ ಕೂರಬೇಕು. ರೀಲು ಹಾಕುವ ಹಳೆಯ ಕ್ಯಾಮೆರಾ ಒಂದಿತ್ತು. ಸಾಲದೆಂದು ಹೊಸ ಡಿಜಿಟಲ್ ಕ್ಯಾಮೆರಾವನ್ನೂ ಕೊಂಡು, ಮಧ್ಯೆ ಒಂದು ಬಳೆಯಂಥದ್ದನ್ನು ಸಿಕ್ಕಿಸಿ, ಅದಕ್ಕೂ ಈ ಅಜ್ಜಂದಿರನ್ನೇ ಜೋಡಿಸಿದರು. ಹೊಸ ಎತ್ತಿಗೆ ಹಳೇ ಗಾಡಿ! ನಾನು ಕೇಳಿಯೂ ನೋಡಿದೆ.

"ಭಾವ, ಈ ಕ್ಯಾಮೆರಾಕ್ಕೆ ಅದರದ್ದೇ ಲೆನ್ಸ್ ಹಾಕಿದ್ರೆ ತಾನೇ ಫೋಕಸ್ ಮಾಡ್ಕಳತ್ತಲ್ಲ?"

"ಅದೇ ಮಾಡ್ಕಂಡ್ರೆ ನಾನೆಂತ ಮಾಡೋದು ಮಾರಾಯ, ಅಲ್ಲಿ ನಿಂತ್ಕಂಡು?"



ನಮ್ಮ ಕಡೆಯ ತೇವಕ್ಕೆ ಚಪ್ಪಲಿಗೇ ಬೂಷ್ಟು ಬರುತ್ತದೆ, ಇನ್ನು ಲೆನ್ಸ್ ಬಿಡುತ್ತದೆಯೇ? ಗಾಜಿನ ಒಳಗೆ ಜೇಡರ ಬಲೆಯ ಹಾಗೆ ಬೂಷ್ಟು ಹರಡುತ್ತದೆ. ಅದಕ್ಕೇ ಬಿಸಿಲು ಬಿದ್ದರೆ ಸಾಕು, ಭಾವನವರು ಲೆನ್ಸ್‌ಗಳನ್ನೆಲ್ಲ ತಾರಸಿಗೆ ಹೊತ್ತುಕೊಂಡು ಹೋಗಿ ಸಾಲಾಗಿ ಒಣಗಲು ಇಡುತ್ತಾರೆ. ಒಮ್ಮೆ ಅಕ್ಕ ಹಲಸಿನ ಹಪ್ಪಳ ಹರವಿದ್ದಳು. ಪಕ್ಕದಲ್ಲಿ ಹಗ್ಗದ ಮೇಲೆ ರೇಷ್ಮೆ ಸೀರೆ. ನಡುವೆ ಭಾವನವರ ಗಾಜಿನ ಸಂಸಾರ. ಬಿಸಿಲು ಏರಿದ ಹಾಗೆ ರಷ್ಯಾದ ಲೆನ್ಸ್ ತನ್ನ ಕರ್ತವ್ಯ ಮಾಡಿತು. ಸೂರ್ಯನನ್ನು ಒಂದು ಬಿಂದುವಿಗೆ ತಂದು ಸೀರೆಯ ಅಂಚಿನಲ್ಲಿ ದುಂಡಗೆ ತೂತು ಕೊರೆಯಿತು! ಸುಟ್ಟ ವಾಸನೆಗೆ ಅಕ್ಕ ಓಡಿ ಬಂದು ನೋಡಿದರೆ, ಭಾವನವರು ತೂತಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಬೆರಗಾಗಿದ್ದರು.

"ನೋಡಿದ್ಯನೇ, ಇಷ್ಟು ವರ್ಷ ಆದ್ರೂ ಎಷ್ಟು ಶಾರ್ಪು!"

ಅಕ್ಕ ಎರಡು ದಿನ ಅವರಿಗೆ ಹಪ್ಪಳ ಹಾಕಲಿಲ್ಲ.

ಒಮ್ಮೆ ನಾನೂ ಅವರೂ ಸಾಗರದಿಂದ ತೀರ್ಥಹಳ್ಳಿಗೆ ಕಾರಿನಲ್ಲಿ ಬರುತ್ತಿದ್ದಾಗ ಹೊಸನಗರದಲ್ಲಿ ಕಾಫಿಗೆ ನಿಲ್ಲಿಸಿದೆವು. ಬಸ್ ನಿಲ್ದಾಣದಲ್ಲಿ ಒಬ್ಬರು ಅಜ್ಜ, ಕೆಂಪು ಟವೆಲ್ ಸುತ್ತಿಕೊಂಡು, ಬಸ್ಸಿನ ಮೆಟ್ಟಿಲಿಗೆ ಒಂದು ಕಾಲಿಟ್ಟು ಎಲೆ ಅಡಿಕೆ ಜಗಿಯುತ್ತಿದ್ದರು. ಭಾವನವರಿಗೆ ಆ ಮುಖ ಬೇಕಾಯಿತು. ಕೇಳಿದರು. ಅಜ್ಜ ಸಂತೋಷದಿಂದಲೇ ಕಾಲು ಕೆಳಗಿಳಿಸಿ, ಟವೆಲ್ ಸರಿಮಾಡಿಕೊಂಡು ನಿಂತರು. ಭಾವನವರು ಉಂಗುರ ತಿರುಗಿಸಿದರು. ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಕಂಡಕ್ಟರ್ ಸೀಟಿ ಊದಿದ. ಅಜ್ಜನ ಬೆನ್ನ ಹಿಂದೆ ಬಸ್ಸು ಹೊರಟೇ ಹೋಯಿತು! ಭಾವನವರು ಮಾತ್ರ, "ಹಿಂದೆ ಖಾಲಿಯಾಯ್ತು, ಒಳ್ಳೇದಾಯ್ತು" ಎನ್ನುತ್ತ ಗುಂಡಿ ಒತ್ತಿದರು.

ಆಮೇಲೆ ಅವರ ಊರು ಹುಂಚದವರೆಗೆ ಅಜ್ಜನನ್ನು ನಮ್ಮ ಕಾರಿನಲ್ಲೇ ಬಿಟ್ಟುಬಂದೆವು. ಇಳಿಯುವಾಗ ಅಜ್ಜ ಕೈಮುಗಿದು, "ಬರೋ ವಾರನೂ ಪ್ಯಾಟೆಗೆ ಬರ್ತೀನಿ ಸ್ವಾಮಿ. ನೀವೂ ಬರ್ತೀರನ?" ಎಂದರು.

ಲಿಂಗನಮಕ್ಕಿ ಅಣೆಕಟ್ಟು ತುಂಬಿ ಗೇಟು ತೆಗೆದಾಗ ನೀರು ನೋಡಲು ಹೋದ ವರ್ಷದ ಕತೆ ಇನ್ನೂ ಸೊಗಸು. ಜನ ಮೊಬೈಲು ಎತ್ತಿ ಹಿಡಿದು ಹೋಗುತ್ತಿದ್ದರೆ, ಭಾವನವರು ರೀಲಿನ ಕ್ಯಾಮೆರಾ ಹಿಡಿದು ಮಧ್ಯಾಹ್ನವಿಡೀ ಒಂದೊಂದನ್ನೇ ಅಳೆದು ಸುರಿದು ತೆಗೆದರು. ರೀಲು ಎಷ್ಟು ತೆಗೆದರೂ ಮುಗಿಯಲಿಲ್ಲ. "ಅಕ್ಷಯ ಪಾತ್ರೆ ನೋಡು" ಎಂದು ಹಿಗ್ಗಿದರು. ಮನೆಗೆ ಬಂದು ತೆರೆದು ನೋಡಿದರೆ ರೀಲು ಒಳಗಿನ ಚಕ್ರದ ಹಲ್ಲಿಗೆ ಸಿಕ್ಕಿಕೊಂಡೇ ಇರಲಿಲ್ಲ. ಅಷ್ಟೂ ಹೊತ್ತು ಅದು ಡಬ್ಬಿಯೊಳಗೆ ಸುಖವಾಗಿ ಮಲಗಿತ್ತು! ನಾವು ನಕ್ಕೂ ನಕ್ಕೂ ಸುಸ್ತಾದೆವು. ಭಾವನವರು ಬೇಸರಪಟ್ಟುಕೊಳ್ಳಲಿಲ್ಲ. "ನೋಡಿದ್ದಂತೂ ನೋಡಿದೆ" ಎಂದು ಟವೆಲ್ ಹಿಡಿದು ಸ್ನಾನಕ್ಕೆ ಹೋದರು.

ಇಷ್ಟೆಲ್ಲ ತೆಗೆಯುವ ಮನುಷ್ಯ ಒಬ್ಬರ ಫೋಟೋ ಮಾತ್ರ ತೆಗೆಯುತ್ತಿರಲಿಲ್ಲ. ಅದು ಅಕ್ಕನದು.

ಅದಕ್ಕೆ ಕಾರಣ ನಮಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮದುವೆಯಾಗಿ ಕೆಲವು ವರ್ಷಕ್ಕೆ ಅಕ್ಕನ ತುಟಿಯ ಮೂಲೆಯಲ್ಲೊಂದು ಬಿಳಿ ಮಚ್ಚೆ ಕಾಣಿಸಿಕೊಂಡಿತು. ತೊನ್ನು. ಇದರಿಂದ ಯಾವ ತೊಂದರೆಯೂ ಇಲ್ಲ, ಯಾರಿಗೂ ಅಂಟುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಆದರೆ ಅರಿಶಿನ ಕುಂಕುಮಕ್ಕೆ ಕರೆದ ಮನೆಯಲ್ಲಿ ಯಾರೋ ತಟ್ಟೆಯನ್ನು ಅವಳ ಕೈಗೆ ಕೊಡದೆ ಪಕ್ಕದವರ ಕೈಗೆ ದಾಟಿಸಿದರಂತೆ. ಡಾಕ್ಟರ ಮಾತಿಗಿಂತ ಆ ತಟ್ಟೆಯೇ ಅವಳ ಮನಸ್ಸಿನಲ್ಲಿ ನಿಂತಿತು. ಮಚ್ಚೆ ಗಲ್ಲಕ್ಕೆ ಇಳಿಯಿತು, ಕಣ್ಣಿನ ಸುತ್ತ ಬಂತು. ಯಾರಾದರೂ ಕ್ಯಾಮೆರಾ ಎತ್ತಿದರೆ ಅಕ್ಕನಿಗೆ ತಕ್ಷಣ ಒಲೆಯ ಮೇಲಿಟ್ಟ ಹಾಲು ನೆನಪಾಗುತ್ತಿತ್ತು. ಹಾಲೇ ಇಲ್ಲದ ಕಡೆಯೂ!

ಭಾವನವರು ಒಮ್ಮೆಯೂ ಅವಳನ್ನು ನಿಲ್ಲೆಂದು ಕೇಳಿದ್ದಿಲ್ಲ. ಜೇಡದ ಕಾಲು, ಬೇಲಿಯ ಇಬ್ಬನಿ, ಹೊಸನಗರದ ಅಜ್ಜ, ಎಲ್ಲಕ್ಕೂ ಗಂಟೆಗಟ್ಟಲೆ ಉಂಗುರ ತಿರುಗಿಸುವವರಿಗೆ ಹೆಂಡತಿಯ ಮುಖ ಕಾಣುವುದೇ ಇಲ್ಲವೇನೋ ಎಂದು ನನ್ನ ಹೆಂಡತಿ ಒಮ್ಮೊಮ್ಮೆ ಗೊಣಗುತ್ತಿದ್ದಳು. ನನಗೂ ಹಾಗೇ ಅನ್ನಿಸುತ್ತಿತ್ತು.

ಹೋದ ವರ್ಷ ತೀರ್ಥಹಳ್ಳಿಯಲ್ಲಿ ನನ್ನ ಮಗಳ ಮದುವೆಯಾಯಿತು. ಫೋಟೋಕ್ಕೆ ಬೇರೆ ಊರಿನಿಂದ ಹುಡುಗರ ತಂಡವೊಂದನ್ನು ಕರೆಸಿದ್ದೆವು. ಅವರ ಕ್ಯಾಮೆರಾ ಮಳೆಗಾಲದ ಕಪ್ಪೆಯ ಹಾಗೆ ಎಡೆಬಿಡದೆ ವಟಗುಟ್ಟುತ್ತಿತ್ತು. ಧಾರೆಯ ಹೊತ್ತಿಗೆ ಭಾವನವರು ಉಂಗುರ ತಿರುಗಿಸಿ ಮುಗಿಸುವುದರೊಳಗೆ ನೀರು ಎರೆದೂ ಆಗಿತ್ತು, ಕೈ ಒರೆಸಿಕೊಂಡೂ ಆಗಿತ್ತು. ಅವರ ಫೋಟೋದಲ್ಲಿ ಪುರೋಹಿತರು ಬೆವರು ಒರೆಸಿಕೊಳ್ಳುತ್ತಿದ್ದಾರೆ, ಬಹಳ ಸ್ಪಷ್ಟವಾಗಿ!

ಮನೆಯವರೆಲ್ಲ ಒಟ್ಟಿಗೆ ನಿಲ್ಲುವಾಗ ಅಕ್ಕ ಎಂದಿನಂತೆ ಒಳಗೆ ಹೊರಟಳು. ಮಗಳು ಸೆರಗು ಹಿಡಿದು ನಿಲ್ಲಿಸಿದಳು.

"ಅತ್ತೆ, ನೀವು ನಿಲ್ದಿದ್ರೆ ನಾನೂ ನಿಲ್ಲಲ್ಲ."

"ಬೇಡ ಮಗಾ, ನನ್ನದೆಂತಕ್ಕೆ ಅಲ್ಲಿ..."

"ಸರಿ, ಹಂಗಾರೆ ನಾನೂ ಬರ್ತೀನಿ ಒಳಗೆ."

ಮದುಮಗಳೇ ಇಲ್ಲದೆ ಮದುವೆಯ ಫೋಟೋ ಹೇಗಾಗುತ್ತದೆ? ಅಕ್ಕ ನಿಂತಳು. ಎಷ್ಟೋ ವರ್ಷದ ಮೇಲೆ, ಸೆರಗನ್ನು ಕೆನ್ನೆಗೆ ತಂದುಕೊಳ್ಳದೆ, ನೇರ ನೋಡಿ ನಿಂತಳು.

ಆಲ್ಬಂ ಬಂದಾಗ ಮಗಳನ್ನೂ ಕರೆದುಕೊಂಡು ನಾವೇ ಸಾಗರಕ್ಕೆ ತೆಗೆದುಕೊಂಡು ಹೋದೆವು. ಎಲ್ಲರೂ ಸುತ್ತ ಕೂತು ಹಾಳೆ ತಿರುವಿದೆವು. ಆ ಫೋಟೋ ಬಂತು. ಅಕ್ಕನ ಮುಖದಲ್ಲಿ ಒಂದೂ ಮಚ್ಚೆಯಿರಲಿಲ್ಲ. ಹುಡುಗರು ಕಂಪ್ಯೂಟರಿನಲ್ಲಿ ಎಲ್ಲವನ್ನೂ ಅಳಿಸಿ, ತುಪ್ಪ ಸವರಿದ ಹಾಗೆ ನುಣ್ಣಗೆ ಮಾಡಿಟ್ಟಿದ್ದರು. ಅವರಿಗೆ ಯಾರೂ ಹೇಳಿರಲಿಲ್ಲ. ಪಾಪ, ಒಳ್ಳೆಯದೇ ಮಾಡುತ್ತಿದ್ದೇವೆ ಎಂದುಕೊಂಡಿರಬೇಕು.

"ಎಷ್ಟ್ ಚಂದ ಬಂದೀರಿ ಅತ್ತಿಗೆ!" ಎಂದಳು ನನ್ನ ಹೆಂಡತಿ.

ಅಕ್ಕ ಆಲ್ಬಮ್ಮನ್ನು ತೊಡೆಯ ಮೇಲೆ ಎಳೆದುಕೊಂಡು ಬಹಳ ಹೊತ್ತು ನೋಡಿದಳು.

"ಇದು ಯಾರು?"

"ನೀನೇ ಅಲ್ವನೇ ಅಕ್ಕ" ಎಂದೆ ನಾನು.

"ಅಲ್ಲ. ಅಲ್ಲಿ ನಾನು ನಿಂತಿದ್ದೆ. ಇವಳ್ಯಾರೋ ನನ್ನ ಸೀರೆ ಉಟ್ಕಂಡು ನಿಂತಿದಾಳೆ."

ಅವಳು ಅಳಲಿಲ್ಲ. ಸಿಟ್ಟಾಗಲಿಲ್ಲ. ಆಲ್ಬಮ್ಮನ್ನು ಮುಚ್ಚಿ ಮಗಳ ಕೈಗೆ ಕೊಟ್ಟು, ಕಾಫಿಗಿಡಲು ಎದ್ದು ಹೋದಳು. ಇಷ್ಟು ವರ್ಷಕ್ಕೊಮ್ಮೆ ಧೈರ್ಯ ಮಾಡಿ ನಿಂತವಳನ್ನು ನಾವು ಅಲ್ಲಿಂದ ಎಬ್ಬಿಸಿ ಕಳಿಸಿದ ಹಾಗಾಗಿತ್ತು. ಭಾವನವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

ಮರುದಿನ ಬೆಳಿಗ್ಗೆ ತಿಂಡಿ ಮುಗಿದ ಮೇಲೆ ಅಕ್ಕ ತಾನಾಗಿ ಬಂದು ಹೊರಬಾಗಿಲ ಮೆಟ್ಟಿಲ ಮೇಲೆ ಕೂತಳು.

"ರೀ, ಕ್ಯಾಮೆರಾ ತಗಂಡು ಬನ್ನಿ."

ಭಾವನವರು ನಂಬದೆ ನೋಡಿದರು. "ಯಾವ್ದು?"

"ಯಾವ್ದ್ರಲ್ಲಿ ಮುಖ ಅಳಿಸಕ್ಕಾಗಲ್ವೋ, ಅದು."

ರೀಲಿನ ಕ್ಯಾಮೆರಾ ಬಂತು. ಸ್ಟುಡಿಯೋದವರು ಬಿಟ್ಟುಹೋಗಿದ್ದ ಜಪಾನಿನ ಲೆನ್ಸ್ ಅದರ ಮೇಲೆ ಕೂತಿತು. ರೀಲು ಸಿಕ್ಕಿಕೊಂಡಿದೆಯೇ ಎಂದು ಭಾವನವರು ಎರಡೆರಡು ಸಲ ಪರೀಕ್ಷಿಸಿದರು. ಆಮೇಲೆ ಅಂಗಳದಲ್ಲಿ ಮಂಡಿಯೂರಿ ಕೂತು ಉಂಗುರಕ್ಕೆ ಕೈ ಹಾಕಿದರು. ನಾವು ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆವು. ಆ ಹೊತ್ತು ಅವರು ಎಷ್ಟು ತಡ ಮಾಡಿದರೂ ನಮಗೆ ತಡ ಎನ್ನಿಸಲಿಲ್ಲ. ಅಕ್ಕನೂ ಅಲುಗಾಡಲಿಲ್ಲ. ಕೊನೆಗೊಮ್ಮೆ ಟಕ್ ಎಂದು ಸದ್ದಾಯಿತು.

ರೀಲು ತೊಳೆಯಲು ಬೆಂಗಳೂರಿಗೇ ಕಳಿಸಬೇಕು. ಫೋಟೋ ಬರುವುದರೊಳಗೆ ತಿಂಗಳಾಯಿತು. ಬಂದ ದಿನ ಭಾವನವರು ನನಗೆ ಫೋನ್ ಮಾಡಿ, "ನೀನೂ ಬಾ ಮಾರಾಯ, ನಂಗೊಬ್ಬಂಗೆ ಅವ್ಳ ಕೈಗೆ ಕೊಡಕ್ಕೆ ಹೆದ್ರಿಕೆ" ಎಂದರು. ಹೋದೆ.

ಫೋಟೋದಲ್ಲಿ ಅಕ್ಕನ ಮುಖ ಇದ್ದ ಹಾಗೇ ಇತ್ತು. ತುಟಿಯ ಮೂಲೆಯದು, ಗಲ್ಲದ್ದು, ಕಣ್ಣಿನ ಸುತ್ತಲಿನದು, ಎಲ್ಲವೂ. ಹಿಂದಿನ ಗೋಡೆ ಮಂಜಿನಲ್ಲಿ ಕರಗಿದಂತೆ ಮಸುಕಾಗಿತ್ತು. ಕಣ್ಣು ಮಾತ್ರ ಎಷ್ಟು ಸ್ಪಷ್ಟವೆಂದರೆ, ಮುಂದೆ ಮಂಡಿಯೂರಿದ ಮನುಷ್ಯನ ಸಣ್ಣ ನೆರಳೂ ಅದರೊಳಗೆ ಕಾಣುತ್ತಿತ್ತು.

ಅಕ್ಕ ಹುಬ್ಬಿನ ಹತ್ತಿರ ಬೆರಳಿಟ್ಟಳು. "ಇಲ್ಲೂ ಬಂದಿದ್ಯಾ? ನಂಗೆ ಗೊತ್ತೇ ಇರ್ಲಿಲ್ಲ. ಕನ್ನಡಿ ಸರಿಯಾಗಿ ನೋಡ್ದೆ ಎಷ್ಟು ಕಾಲ ಆಯ್ತೋ."

"ಅದು ಹೋದ ದೀಪಾವಳಿ ಹೊತ್ತಿಗೆ ಬಂದದ್ದು" ಎಂದರು ಭಾವನವರು. "ಮೊದ್ಲು ಸಾಸಿವೆ ಕಾಳಷ್ಟಿತ್ತು. ಕಿವಿ ಹತ್ರದ್ದು ಅದಕ್ಕಿಂತ ಹಳೇದು. ಗಲ್ಲದ್ದು ಮೂರು ವರ್ಷದಿಂದ ಅಷ್ಟೇ ಇದೆ, ಬೆಳೆದಿಲ್ಲ."

ಅಕ್ಕ ತಲೆಯೆತ್ತಿದಳು.

"ನಿಮಗೆ ಹೆಂಗೆ ಗೊತ್ತು? ನೀವು ನನ್ನ ಒಂದು ಫೋಟೋನೂ ತೆಗ್ದಿಲ್ವಲ್ಲ?"

"ಫೋಟೋ ತೆಗೀಲಿಲ್ಲ ಅಂದ್ರೆ ನೋಡ್ಲಿಲ್ಲ ಅಂತನ?"

ಭಾವನವರು ಇದನ್ನು ಬಹಳ ಸಾಧಾರಣವಾಗಿ, ಅಂಗಡಿಯಲ್ಲಿ ಯಾರದೋ ಕಣ್ಣಿನ ನಂಬರ್ ಹೇಳುವ ಹಾಗೆ ಹೇಳಿದರು. ನಾನು ಕಿಟಕಿಯ ಕಡೆ ತಿರುಗಿ, ಅಲ್ಲಿ ಏನೂ ಇರದಿದ್ದರೂ ನೋಡುತ್ತ ನಿಂತೆ.

ಬೆನ್ನ ಹಿಂದೆ ಅಕ್ಕನ ದನಿ ಕೇಳಿಸಿತು.

"ಇನ್ನೊಂದು ತೆಗೀರಿ. ಇದ್ರಲ್ಲಿ ಸೆರಗು ಸೊಟ್ಟ ಆಗಿದೆ."