ಅತ್ತೆಯ ಉಂಗುರಕ್ಕೆ ಅಳಿಯನ ಹೊಳಪು

ಲಿಕಾಸಿ ಊರಿನಲ್ಲಿ ಹಸಿರು ಕಲ್ಲಿಗೆ ಸಾಣೆ ಹಿಡಿಯುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಸಾಣೆ ಹಿಡಿಯುವುದಕ್ಕೆ ಮೊದಲೇ ಹೊಳಪಿನ ಮೇಲೆ ಭಾಷಣ ಮಾಡುವವನು ಕಿಸಿಂಬಾ ಒಬ್ಬನೇ. ಆ ಸೋಮವಾರ ಬೆಳಿಗ್ಗೆ ಅವನು ಅಂಗಳದ ಮಾವಿನ ಮರದ ಕೆಳಗೆ, ತನ್ನ ಸಾಣೆ ಚಕ್ರದ ಪಕ್ಕ ನಿಂತು, ಅತ್ತೆಯ ಉಂಗುರವನ್ನು ಬಿಸಿಲಿಗೆ ಹಿಡಿದು, ಹೆಂಡತಿ ಮುಜಿಂಗಾಳ ಮುಂದೆ ಘೋಷಿಸಿಬಿಟ್ಟ.

“ಶನಿವಾರ ಮದುವೆಗೆ ನಿಮ್ಮಮ್ಮ ಇದನ್ನ ಹಾಕ್ಕೊಂಡು ಹೊರಟ್ರೆ, ಅಷ್ಟು ದೂರದ ಲುಬುಂಬಾಶಿಯಲ್ಲಿ ಕೂತವರೂ ಕಣ್ಣಿಗೆ ಕೈ ಅಡ್ಡ ಹಿಡೀಬೇಕು. ಹಾಗೆ ಹೊಳೆಸ್ತೀನಿ!”

ಮುಜಿಂಗಾ ಮರಗೆಣಸಿನ ಸೊಪ್ಪು ಕುಟ್ಟುತ್ತಿದ್ದಳು. ಒನಕೆಯನ್ನೇನೂ ನಿಲ್ಲಿಸಲಿಲ್ಲ. “ನಿಮ್ಮ ಆನೆಗಳಿಗೆ ಬಳಿಯೋ ಬೂಟ್ ಪಾಲಿಶ್ಶೇ ಬಳೀತೀರಾ, ಬಾಬಾ ಕಜಾದಿ?”

ಮಗನ ಹೆಸರು ಹಿಡಿದು ಗಂಡನನ್ನು ಹೀಗೆ ‘ಕಜಾದಿಯ ಅಪ್ಪ’ ಎಂದು ಕರೆಯುವುದು ಅಲ್ಲಿನ ಮರ್ಯಾದೆ. ಆದರೆ ಮುಜಿಂಗಾ ಹಾಗೆ ಕರೆದಳೆಂದರೆ ಅದರ ಜೊತೆಗೇ ಒಂದು ಚುಚ್ಚು ಬರುತ್ತದೆಂದು ಕಿಸಿಂಬಾ ಬಲ್ಲ. ಚುಚ್ಚು ಸುಳ್ಳೂ ಅಲ್ಲ. ಅವನು ಕಲ್ಲಿನಲ್ಲಿ ಕಡೆಯುತ್ತಿದ್ದುದು ಆನೆ, ಮೊಸಳೆ ಮತ್ತು ಸಿಗರೇಟಿನ ಬೂದಿಬಟ್ಟಲು. ಆನೆಯ ಬೆನ್ನು ಮಂಕಾಗಿ ಉಳಿದರೆ ಒಂದಿಷ್ಟು ಬೂಟ್ ಪಾಲಿಶ್ ತಿಕ್ಕಿದರಾಯಿತು. ಕೊಂಡವರು ವಿಮಾನ ಹತ್ತುವ ತನಕ ಮಿಂಚುತ್ತಿತ್ತು. ಆಮೇಲಿನದು ವಿಮಾನದವರ ಜವಾಬ್ದಾರಿ.

ಉಂಗುರದ ಹರಳು ಹಾಗಲ್ಲ. ಅದು ಪುಟ್ಟ ಗುಮ್ಮಟದಂತೆ ಉಬ್ಬಿದ ಮಲಕೈಟ್ ಕಲ್ಲು. ಗಿಳಿಹಸಿರು, ಕಡುಹಸಿರು ಬಳೆಗಳು ಒಂದರೊಳಗೊಂದು ಸೇರಿ ನಡುವೆ ಕಣ್ಣಿನಂತೆ ಕೂತಿದ್ದವು. ಆದರೆ ಕಲ್ಲಿನ ಜಾತಿಯಲ್ಲೇ ಇದು ಬಲು ನಾಜೂಕು. ಗಟ್ಟಿ ಕಲ್ಲಾದರೆ ಬೈದರೂ ತಿಕ್ಕಿದರೂ ತಡೆದುಕೊಂಡು ಕೊನೆಗೆ ನಗುತ್ತದೆ. ಇದನ್ನು ದುರುಗುಟ್ಟಿ ನೋಡಿದರೆ ಸಾಕು, ಗೀರು ಬೀಳುತ್ತದೆ. ಅತ್ತೆ ಉಂಬಾ ಉಂಗುರ ತೊಟ್ಟ ಕೈಯಲ್ಲೇ ಬಟ್ಟೆ ಒಗೆದು, ಹಿಟ್ಟು ತೊಳಸಿ, ಮೀನಿಗೆ ನಿಂಬೆಹುಳಿ ಹಿಂಡಿ ಹಿಂಡಿ, ಹರಳಿನ ಕಣ್ಣಿಗೆ ಪೊರೆ ಬಂದ ಹಾಗೆ ಮಾಡಿಟ್ಟಿದ್ದಳು.

ಉಂಗುರ ತೀರಿಹೋದ ಮಾವ ಕೊಟ್ಟದ್ದು. ಕಿರಿಯ ಮಗಳ ಮದುವೆಗೆಂದು ರೈಲಿನಲ್ಲಿ ಬಂದು ಇವರ ಮನೆಯಲ್ಲೇ ಇಳಿದುಕೊಂಡಿದ್ದ ಉಂಬಾ, “ನನ್ನ ಅಳಿಯಂದಿರು ಕಲ್ಲಿನ ಕೆಲಸದಲ್ಲಿ ಎತ್ತಿದ ಕೈ” ಎಂದು ಬೀಗರಿಗೆ ಆಗಲೇ ಹೇಳಿಯಾಗಿತ್ತು. ಆ ಮಾತು ಮುಜಿಂಗಾಳ ಬಾಯಿಂದ ಕಿಸಿಂಬಾನ ಕಿವಿಗೆ ಬಿತ್ತು. ನೇರವಾಗಿ ಬೀಳುವಂತಿರಲಿಲ್ಲ. ಅವರಲ್ಲಿ ಅಳಿಯ ಅತ್ತೆಯ ಮುಖ ನೋಡುವಂತಿಲ್ಲ, ಎದುರು ನಿಂತು ಮಾತಾಡುವಂತಿಲ್ಲ. ಅವಳು ದಾರಿಯಲ್ಲಿ ಬಂದರೆ ಇವನು ಪೊದೆಗೆ ಇಳಿಯಬೇಕು. ತಪ್ಪಿ ನೋಡಿದರೆ ಒಂದು ಕೋಳಿ ದಂಡ. ಮದುವೆಯಾದಂದಿನಿಂದ ಕಿಸಿಂಬಾ ಎಷ್ಟು ಪೊದೆಗಳಿಗೆ ಇಳಿದಿದ್ದನೆಂದರೆ, ಲಿಕಾಸಿಯ ಮುಳ್ಳುಗಳೆಲ್ಲ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದವು. ಹೀಗೆ ಮುಖ ನೋಡದ ಅತ್ತೆಯ ಬಾಯಿಂದ ಬಂದ ಮೊದಲ ಹೊಗಳಿಕೆ ಅದು. ಉಳಿಸಿಕೊಳ್ಳದಿದ್ದರೆ ಜನ್ಮವಿಡೀ ಆನೆಗೆ ಬೂಟ್ ಪಾಲಿಶ್ ಬಳಿಯುವವನೆಂದೇ ಉಳಿಯಬೇಕಾಗಿತ್ತು.

ಕಿಸಿಂಬಾ ಹರಳನ್ನು ಉಂಗುರದಿಂದ ಬಿಡಿಸಿ, ಒಂದು ಕಡ್ಡಿಯ ತುದಿಗೆ ಅರಗಿನಿಂದ ಅಂಟಿಸಿದ. ನೀರು ಬಿಡುತ್ತ ಸಾಣೆ ಹಿಡಿದು ಹಳೆಯ ಗೀರುಗಳನ್ನು ತೆಗೆದ. ಎಮರಿ ಕಾಗದದಲ್ಲಿ ಒರಟಿನಿಂದ ನುಣುಪಿಗೆ, ನುಣುಪಿನಿಂದ ಬೆಣ್ಣೆಯಂಥ ನುಣುಪಿಗೆ ಇಳಿದ. ಕೊನೆಗೆ ಚರ್ಮದ ತುಂಡಿಗೆ ಹಸಿರು ಪಾಲಿಶ್ ಪುಡಿ ಕಲಸಿ ಹಚ್ಚಿ, ಚಕ್ರಕ್ಕೆ ಕಟ್ಟಿ ಉಜ್ಜಿದ. ಹೊಳಪು ಇಣುಕಿತು. ಅಷ್ಟರಲ್ಲಿ ಕರೆಂಟು ಹೋಗಿ ಚಕ್ರ ನಿಂತಿತು. ನಾಳೆ ಇನ್ನೊಂದು ಸುತ್ತು ಉಜ್ಜಿದರೆ ಮುಗಿಯಿತೆಂದು ಚರ್ಮವನ್ನು ಬಿಚ್ಚಿ ಒಗೆಯುವ ಕಲ್ಲಿನ ಮೇಲಿಟ್ಟು, ಶಿಳ್ಳೆ ಹಾಕುತ್ತ ಪೇಟೆಗೆ ಹೋದ.

ಮಂಗಳವಾರ ಆ ಇನ್ನೊಂದು ಸುತ್ತು ಉಜ್ಜಿದ. ಹರಳಿನ ಈ ತುದಿಯಿಂದ ಆ ತುದಿಗೆ ಒಂದು ಗೀರು! ಅದನ್ನು ಗೀರು ಅನ್ನುವುದಕ್ಕಿಂತ ಗಣಿಯೂರು ಕೊಲ್ವೇಜಿಗೆ ಹೋಗುವ ಹೆದ್ದಾರಿ ಅನ್ನಬಹುದಿತ್ತು. ಅದಿರು ತುಂಬಿದ ಲಾರಿಗಳಷ್ಟೇ ಕಾಣುತ್ತಿರಲಿಲ್ಲ.

ಗೀರು ಬಿದ್ದ ಮೇಲೆ ಬೇರೆ ದಾರಿಯಿಲ್ಲ. ಗೀರಿನ ತಳದವರೆಗೆ ಇಡೀ ಗುಮ್ಮಟವನ್ನೇ ಇಳಿಸಬೇಕು. ಇಳಿಸಿದ. ಮತ್ತೆ ಎಮರಿ, ಮತ್ತೆ ಚರ್ಮ, ಮತ್ತೆ ಇಣುಕಿದ ಹೊಳಪು. ಬುಧವಾರ ಚರ್ಮ ಮುಟ್ಟಿಸಿದರೆ ಹೆದ್ದಾರಿಗೆ ಅಡ್ಡರಸ್ತೆಗಳೂ ಹುಟ್ಟಿಕೊಂಡಿದ್ದವು.

ಆಗ ಶುರುವಾಯಿತು ತನಿಖೆ. ಪುಡಿ ಮಾರಿದವನ ಅಜ್ಜನವರೆಗೆ ಹೋಗಿ ಬೈದಾಯಿತು. ಗಾಳಿಯನ್ನು ಬೈದಾಯಿತು. ಅಂಗಳ ಗುಡಿಸಿದರೆ ಧೂಳಿನ ಕಣ ಹಾರಿ ಚರ್ಮದ ಮೇಲೆ ಕೂರುತ್ತದೆಂದು ಪೊರಕೆಗೆ ನಿಷೇಧ ಬಿತ್ತು. ಕೋಳಿಗಳು ಕೆದಕುತ್ತವೆಂದು ಅವಕ್ಕೆ ಗಡೀಪಾರಾಯಿತು. ಮರದ ಕೊಂಬೆಗೆ ಹೆಂಡತಿಯ ಒದ್ದೆ ಸೀರೆಯಂಥ ಬಟ್ಟೆಗಳನ್ನೆಲ್ಲ ಸುತ್ತಲೂ ಇಳಿಬಿಟ್ಟು, ಅದರೊಳಗೆ ಋಷಿಯ ಹಾಗೆ ಕೂತ. ಮಗ್ಗುಲ ಮನೆಯವರು ಬಂದು, ಒಳಗೆ ಯಾರಾದರೂ ತೀರಿಕೊಂಡರೇ ಎಂದು ಮುಜಿಂಗಾಳನ್ನು ಮೆಲ್ಲಗೆ ವಿಚಾರಿಸಿದರಂತೆ. ಇನ್ನೂ ಇಲ್ಲ, ಶನಿವಾರ ನೋಡಬೇಕು ಎಂದಳಂತೆ ಅವಳು.

ಗುರುವಾರ ಮತ್ತೆ ಗೀರು. ಹರಳು ಪಾರಿವಾಳದ ಅರ್ಧ ಮೊಟ್ಟೆಯಿಂದ ಹೊರಟು ಬೀರು ಬಾಟಲಿಯ ಮುಚ್ಚಳದ ಮಟ್ಟಕ್ಕೆ ಚಪ್ಪಟೆಯಾಗಿತ್ತು. ನಡುವಿನ ಕಣ್ಣು, ಸಾಣೆ ಕೆಳಗಿಳಿದಂತೆಲ್ಲ ಅಗಲವಾಗಿ ಅರಳಿ, ಇವನನ್ನೇ ಬೆರಗಿನಿಂದ ನೋಡುತ್ತಿತ್ತು.

“ಇನ್ನೊಂದ್ಸಲ ಉಜ್ಜಿದ್ರೆ ಉಂಗುರದಲ್ಲಿ ಬರೀ ಬಣ್ಣ ಉಳಿಯುತ್ತೆ,” ಎಂದಳು ಮುಜಿಂಗಾ. “ಅಮ್ಮ ದಿನಾ ಕೇಳ್ತಿದಾಳೆ, ಎಲ್ಲಿಗೆ ಬಂತು ಅಂತ.”

“ಏನಂದೆ?”

“ಹತ್ತಿರ ಬಂತು ಅಂದೆ. ಯಾವುದರ ಹತ್ತಿರ ಅಂತ ಹೇಳಲಿಲ್ಲ.”

ಶುಕ್ರವಾರ ಹೊಸ ಪುಡಿ ಹುಡುಕಿಕೊಂಡು ಪೇಟೆಗೆ ಹೋದ ಕಿಸಿಂಬಾ, ಅಂಗಡಿ ಮುಚ್ಚಿದ್ದರಿಂದ ಬೇಗನೆ ಹಿಂದಿರುಗಿದ. ಬೇಲಿಯ ಬಾಗಿಲು ದಾಟುತ್ತಲೇ ಉಂಬಾಳ ಹೂವಿನ ಚಿತ್ತಾರದ ಬಟ್ಟೆ ಕಣ್ಣಿಗೆ ಬಿತ್ತು. ಅತ್ತೆ ನಲ್ಲಿಯ ಬಳಿ ಕೂತಿದ್ದಾಳೆ! ಅಭ್ಯಾಸಬಲದಿಂದ ಚಂಗನೆ ಹಾರಿ ಮಾವಿನ ಮರದ ಹಿಂದೆ ಅಡಗಿದ. ಹೊಟ್ಟೆ ಮಾತ್ರ ಮರದ ಎರಡೂ ಬದಿಗೆ ಅಷ್ಟಷ್ಟು ಕಾಣುತ್ತಿತ್ತು. ಮುಖ ನೋಡಬಾರದು. ಆದರೆ ಕೈ ನೋಡಬಾರದೆಂದು ಯಾರೂ ಹೇಳಿಲ್ಲವಲ್ಲ. ಒಂದು ಕಣ್ಣು ಹೊರಗೆ ಹಾಕಿ ಕೈಗಳನ್ನು ಮಾತ್ರ ನೋಡಿದ.

ಆ ಕೈಗಳು ಅವನ ಪಾಲಿಶ್ ಚರ್ಮವನ್ನು ಒಗೆಯುತ್ತಿದ್ದವು. ಸುಮ್ಮನೆ ಒಗೆದಿದ್ದರೆ ಬೇರೆ ಮಾತು. ಹಿಡಿ ಹಿಡಿ ಹೊಳೆಮರಳು ಹಾಕಿ, ತಳ ಹಿಡಿದ ಪಾತ್ರೆ ತಿಕ್ಕುವ ಹಾಗೆ, ಬಲು ಪ್ರೀತಿಯಿಂದ ತಿಕ್ಕುತ್ತಿದ್ದವು.

ಕಿಸಿಂಬಾ ಕೂಗಲು ತೆರೆದ ಬಾಯನ್ನು ಕೈಯಿಂದ ಮುಚ್ಚಿಕೊಂಡ. ಅತ್ತೆಯನ್ನು ಕೂಗುವುದುಂಟೇ? ಕೊನೆಗೆ ಕೆಮ್ಮಿದ. ಅಳಿಯನ ಕೆಮ್ಮು ಕೇಳಿದ್ದೇ ಉಂಬಾ ಮರ್ಯಾದೆಗೆ ಬಟ್ಟೆಯ ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಓಡಿದಳು. ಚರ್ಮವನ್ನೂ ಮರಳಿನ ತಟ್ಟೆಯನ್ನೂ ಜೊತೆಗೇ ಒಯ್ದಳು. ತಿಕ್ಕುವ ಸದ್ದು ಒಳಗಿಂದ ಮುಂದುವರಿಯಿತು.

ಮುಜಿಂಗಾಳನ್ನು ಮೂಲೆಗೆ ಕರೆದು ಕೇಳಿದರೆ, ಅವಳು ಮೊದಲು ನಕ್ಕಳು, ಕೂತು ನಕ್ಕಳು, ಗೋಡೆಗೆ ಒರಗಿ ನಕ್ಕಳು. ಆಮೇಲೆ ಅಮ್ಮನನ್ನು ವಿಚಾರಿಸಿಕೊಂಡು ಬಂದಳು. ಅಳಿಯನಿಗೆ ಕೈಯಾರೆ ಬಡಿಸುವಂತಿಲ್ಲ, ಎದುರು ಕೂತು ಉಣಿಸುವಂತಿಲ್ಲ, ನನಗೋಸ್ಕರ ಇಷ್ಟು ಒದ್ದಾಡುವವರಿಗೆ ನಾನೇನು ಮಾಡಲಿ ಎಂದು ಯೋಚಿಸಿ, ಅವನು ಹೊರಟ ಮೇಲೆ ಆ ಕೊಳಕು ಹಸಿರು ಚಿಂದಿಯನ್ನಾದರೂ ಶುಚಿ ಮಾಡಿಡೋಣವೆಂದು ಮುದುಕಿ ದಿನವೂ ತಿಕ್ಕುತ್ತಿದ್ದಳಂತೆ.

“ಮರಳಿನ ಒಂದು ಕಣ ಸಾಕು ಕಣೇ ಈ ಕಲ್ಲಿಗೆ. ಅವರು ಹೊಳೆಯನ್ನೇ ತಂದು ಸುರಿದಿದಾರೆ. ಬೇಡ ಅಂತ ಹೇಳು.”

“ನೀವೇ ಹೇಳಿ.”

“ನಾನು ಹೇಗೆ ಹೇಳ್ಲಿ?”

“ನಾನೂ ಹೇಳಲ್ಲ. ತನ್ನಿಂದಲೇ ಅಪ್ಪನ ಕಲ್ಲು ಸವೀತು ಅಂತ ಗೊತ್ತಾದ್ರೆ ಮದುವೆಗೂ ನಿಲ್ಲದೆ ರೈಲು ಹತ್ತಿಬಿಡ್ತಾಳೆ. ತಪ್ಪು ನಿಮ್ಮದೇ ಅಂತ ಇರ್ಲಿ ಬಿಡಿ. ನಿಮಗೆ ಅಭ್ಯಾಸ ಇದೆ.”

ಕಿಸಿಂಬಾ ನಿಟ್ಟುಸಿರು ಬಿಟ್ಟ. ಯೋಚಿಸಿ ನೋಡಿದರೆ, ಹೊಟ್ಟೆಯೊಳಗೆ ಸಿಟ್ಟಿರಬೇಕಾದ ಜಾಗದಲ್ಲಿ ಏನೋ ಬೆಚ್ಚಗಿತ್ತು. ಒಳಗೆ ಹೋಗಿ, ಚರ್ಚಿಗೆ ಹಾಕುವ ತನ್ನ ಬೂಟುಗಳಲ್ಲಿ ಒಂದರ ಮೆತ್ತನೆಯ ಚರ್ಮದ ನಾಲಿಗೆಯನ್ನು ಕತ್ತರಿಸಿಕೊಂಡ. ಹರಳಿನ ಗೀರುಗಳನ್ನು ಕೊನೆಯ ಬಾರಿಗೆ ಇಳಿಸಿ ನುಣುಪು ಮಾಡಿದ. ಬೂಟಿನ ನಾಲಿಗೆಯನ್ನು ಅಂಗಿಯ ಜೇಬಿನಲ್ಲಿ, ಎದೆಗೆ ಒತ್ತಿ, ಅತ್ತೆಯ ಶುಚಿತ್ವದಿಂದ ಕಾಪಾಡಿಕೊಂಡ.

ಶನಿವಾರ ಬೆಳಿಗ್ಗೆ ಎಲ್ಲರೂ ಸಿಂಗರಿಸಿಕೊಳ್ಳುತ್ತಿದ್ದಾಗ ಕಿಸಿಂಬಾ ಕಿಟಕಿಯ ಬಳಿ ಕೂತು, ಚಕ್ರ ಗಿಕ್ರ ಬಿಟ್ಟು, ಕೈಯಲ್ಲೇ ಉಜ್ಜಿದ. ಪುಡಿ ಒದ್ದೆಯಾಗಿರುವಷ್ಟು ಹೊತ್ತೂ ಚರ್ಮ ಜಾರುತ್ತದೆ, ಏನೂ ಆಗುವುದಿಲ್ಲ. ಪೂರ್ತಿ ಒಣಗಿದರೆ ಕಲ್ಲು ಬಿಸಿಯಾಗಿ ಕೆಡುತ್ತದೆ. ಇವೆರಡರ ನಡುವೆ, ಚರ್ಮ ಕಲ್ಲನ್ನು ಮೆಲ್ಲಗೆ ಹಿಡಿದು ಎಳೆಯುವ ಒಂದು ಗಳಿಗೆ ಬರುತ್ತದೆ. ಹೊಳಪು ಇರುವುದು ಅಲ್ಲೇ. ಆನೆಗಳನ್ನು ಬೂಟ್ ಪಾಲಿಶ್ಶಿಗೆ ಒಪ್ಪಿಸಿದ ಮೇಲೆ ಆ ಗಳಿಗೆ ಅವನಿಗೆ ಮರೆತೇಹೋಗಿತ್ತು. ಈಗ ಬಂತು. ಒತ್ತಿದ. ಎಳೆಯಿತು. ಮತ್ತೆ ಒತ್ತಿದ.

ತೆಳ್ಳಗಾದ ಹರಳು ಉಂಗುರದ ಗುಣಿಯಲ್ಲಿ ಮುಳುಗದಂತೆ ಅಡಿಗೆ ಒಂದಿಷ್ಟು ಮರದ ಹೊಟ್ಟು ತುಂಬಿ ಕೂರಿಸಿ, ಅಂಚು ಮಡಿಚಿದ. ಬೆವರಿದ್ದರಿಂದ ಟೋಪಿ ತೆಗೆದು ಪಕ್ಕಕ್ಕಿಟ್ಟು, ಉಂಗುರವನ್ನು ಬೆಳಕಿಗೆ ಎತ್ತಿ ಹಿಡಿದ. ಗೀರಿಲ್ಲ, ಮಂಕಿಲ್ಲ! ಕಿಟಕಿಯ ಸರಳುಗಳು ಅದರಲ್ಲಿ ಎಣಿಸುವ ಹಾಗೆ ಮೂಡಿದ್ದವು. ಚಪ್ಪಟೆಯಾದದ್ದೇ ಒಳ್ಳೆಯದಾಗಿತ್ತು. ಉಬ್ಬಿದ್ದಾಗ ಅದು ಬರೀ ಹರಳು, ಈಗ ಕೈಗನ್ನಡಿ. ಕಿಸಿಂಬಾ ಅದನ್ನು ಅತ್ತಿತ್ತ ತಿರುಗಿಸಿದ. ಸರಳುಗಳು ಸರಿದವು, ಗೋಡೆ ಸರಿಯಿತು, ಬೆನ್ನ ಹಿಂದಿನ ಬಾಗಿಲು ಬಂತು. ಬಾಗಿಲಲ್ಲಿ ಒಂದು ಮುಖ. ದುಂಡಗಿನ, ಮುದ್ದಾದ, ಸುಕ್ಕು ಸುಕ್ಕಾದ ಹಸಿರು ಮುಖ, ತುಟಿ ಅರಳಿಸಿ ನಗುತ್ತಿತ್ತು. ಯಾರಪ್ಪಾ ಈ ಲಕ್ಷಣವಾದ ಅಜ್ಜಿ ಎಂದು ಅವನು ಮೆಚ್ಚಿಕೊಂಡು, ಇನ್ನಷ್ಟು ಹತ್ತಿರ ಹಿಡಿದು, ತೃಪ್ತಿಯಾಗುವಷ್ಟು ನೋಡಿದ. ಆಮೇಲೆ ಹೊಳೆಯಿತು, ಮನೆಯಲ್ಲಿ ಇರುವುದು ಒಬ್ಬಳೇ ಅಜ್ಜಿ.

ಉಂಗುರ ಕೈಯಿಂದ ಹಾರಿ, ಪಕ್ಕದಲ್ಲಿ ತಲೆ ಬಾಚುತ್ತ ಕೂತಿದ್ದ ಮುಜಿಂಗಾಳ ಮಡಿಲಿಗೆ ಬಿತ್ತು. ಕಿಸಿಂಬಾ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಗೋಡೆಗೆ ತಿರುಗಿದ.

“ಕಲ್ಲಲ್ಲಿ ನೋಡಿದ್ರೂ ನೋಡಿದ್ದೇ,” ಎಂದು ಮುಜಿಂಗಾ ತೀರ್ಪು ಕೊಟ್ಟಳು. “ಕೋಳಿ ಕೊಡಿ.”

ಬಾಗಿಲಿಂದ ಉಂಬಾ ಬೇಡವೆಂದಳು. ಒಳಗೆ ಬಂದು ಮಗಳ ಕೈಯಿಂದ ಉಂಗುರ ತೆಗೆದುಕೊಂಡು ತೊಟ್ಟು, ತಿರುಗಿಸಿ ತಿರುಗಿಸಿ ನೋಡಿದಳು. ಹಿರಿಯರ ನಿಯಮ ಅಳಿಯನ ಮುಖಕ್ಕೆ ಮಾತ್ರ. ಗೋಡೆಗೆ ತಿರುಗಿ ನಿಂತವನ ಹಿಂಭಾಗದ ವಿಷಯ ಅವರು ಏನೂ ಹೇಳಿ ಹೋಗಿರಲಿಲ್ಲ. ಆದ್ದರಿಂದ ಉಂಬಾ ಅದನ್ನೂ ಸಾವಕಾಶವಾಗಿ ನೋಡಿ, ಮಗಳ ಕಡೆ ತಿರುಗಿ ಅಕ್ಕರೆಯಿಂದ ಹೇಳಿದಳು:

“ನಿನ್ನ ಯಜಮಾನರಿಗೆ ಹೇಳಮ್ಮ, ಕಲ್ಲು ತುಂಬಾ ಚೆನ್ನಾಗಿ ಹೊಳೀತಿದೆ. ಆದರೂ ಅವರ ತಲೆಯಷ್ಟು ಬರಲಿಲ್ಲ. ಅಲ್ಲಿಗೆ ಯಾವ ಪುಡಿ ಹಾಕಿದ್ರೋ, ಸೋಮವಾರವೇ ಇದಕ್ಕೂ ಅದನ್ನೇ ಹಾಕಿದ್ರೆ ಇಷ್ಟು ಒದ್ದಾಟ ಇರ್ತಿರಲಿಲ್ಲ.”