ಮೂರು ಸೊನ್ನೆ, ಒಂದು ಸಹಿ

ಕಿಟಕಿಯ ಬೆಳಕಿನಲ್ಲಿ ಬ್ಯೂರೆಟ್ಟು ನಿಂತಿದೆ. ಸಪೂರವಾದ ಉದ್ದನೆಯ ಗಾಜಿನ ಕೊಳವೆ, ಮೈತುಂಬ ಗೀಟುಗಳು, ಮೇಲಿನ ಸೊನ್ನೆಯ ಗೀಟಿನವರೆಗೂ ತಿಳಿಯಾದ ದ್ರಾವಣ. ತುದಿಯಲ್ಲಿ, ಬೀಳಲೋ ಬೇಡವೋ ಎಂದು ಯೋಚಿಸುತ್ತಿರುವಂಥ ಒಂದು ಹನಿ. ಕೆಳಗೆ ಬಿಳಿಯ ಟೈಲಿನ ಮೇಲೆ ಶಂಕುವಿನಾಕಾರದ ಕುಪ್ಪಿ, ಕುಪ್ಪಿಯೊಳಗೆ ನೀಲಿ. ಮೋಡ ಸರಿದ ಆಕಾಶದಿಂದ ಯಾರೋ ಒಂದು ಲೋಟದಷ್ಟನ್ನು ಮೊಗೆದು ತಂದಿಟ್ಟಂಥ ನೀಲಿ. ಹನಿ ಬೀಳುತ್ತಿಲ್ಲ, ನೀಲಿ ಕದಲುತ್ತಿಲ್ಲ, ಎದುರಿನ ಸ್ಟೂಲಿನ ಮೇಲೆ ಕುಳಿತ ಮನುಷ್ಯ ರೆಪ್ಪೆ ಬಡಿಯುತ್ತಿಲ್ಲ.

ಅಂದಿನ ರಾಮಾಯಣಕ್ಕೆಲ್ಲ ಆ ನೀಲಿಯೇ ಕಾರಣ.

ನೀರಿನ ಗಡಸುತನವನ್ನು ಅಳೆಯುವ ಕ್ರಮ ಸರಳವಾದದ್ದು. ನೀರಿಗೆ ಚಿಟಿಕೆ ಸೂಚಕ ಹಾಕಿದರೆ ಗಡಸು ನೀರು ಕೆಂಪಾಗುತ್ತದೆ. ಮೇಲಿನಿಂದ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಹೋಗಬೇಕು. ಕೆಂಪು ನೀಲಿಗೆ ತಿರುಗಿದ ಗಳಿಗೆಯಲ್ಲಿ ನಿಲ್ಲಿಸಬೇಕು. ಎಷ್ಟು ದ್ರಾವಣ ಖರ್ಚಾಯಿತೋ ಅದರ ಮೇಲೆ ಗಡಸುತನದ ಲೆಕ್ಕ. ಈ ನೀರಾದರೋ ಮೊದಲ ಹನಿ ಬೀಳುವ ಮುನ್ನವೇ ನೀಲಿಯಾಗಿ ಕುಳಿತುಬಿಟ್ಟಿತ್ತು. ಎಂದರೆ ಉತ್ತರ ಸೊನ್ನೆ.

ಸ್ಟೂಲಿನ ಮೇಲಿದ್ದವರನ್ನು ಪ್ರಯೋಗಾಲಯದಲ್ಲಿ ಎಲ್ಲರೂ ಹನಿರಾಯರೆಂದೇ ಕರೆಯುತ್ತಿದ್ದರು. ಮನೆಯಲ್ಲಿ ಚಹಾಕ್ಕೆ ಹಾಲು ಬೆರೆಸುವಾಗಲೂ ಮೊಣಕಾಲೂರಿ, ಕಣ್ಣನ್ನು ಲೋಟದ ಮಟ್ಟಕ್ಕೆ ಇಳಿಸಿ ನೋಡುವ ಮನುಷ್ಯ. ಹನ್ನೊಂದು ವರ್ಷಗಳಿಂದ ಹಂಗಾಮಿ ನೌಕರ. ಆ ದಿನ ಹೊರಗಿನಿಂದ ಪರೀಕ್ಷಕಿಯೊಬ್ಬರು ಮೊಹರು ಮಾಡಿದ ನೀರಿನ ಬಾಟಲಿಗಳನ್ನು ತಂದು, ನಾಲ್ಕು ಮೇಜುಗಳಿಗೆ ಒಂದೊಂದನ್ನು ಹಂಚಿ, ಮುಖ್ಯಸ್ಥರ ಕೋಣೆಯಲ್ಲಿ ಲಕೋಟೆಯೊಂದನ್ನು ಮುಂದಿಟ್ಟುಕೊಂಡು ಕುಳಿತಿದ್ದರು. ನಾಲ್ವರೂ ಬೇರೆಬೇರೆಯಾಗಿ ಅಳೆಯಬೇಕು. ನಾಲ್ಕು ಗಂಟೆಯೊಳಗೆ ನಾಲ್ವರ ಸಹಿಯುಳ್ಳ ಒಂದೇ ವರದಿ ಕೊಡಬೇಕು. ವರದಿ ಸರಿಯಾದರೆ ಪ್ರಯೋಗಾಲಯದ ಮಾನ್ಯತೆ ಉಳಿಯುತ್ತದೆ. ಸಂಜೆಯೇ ಹನಿರಾಯರ ಕೆಲಸ ಕಾಯಂ ಮಾಡುವ ಆದೇಶಕ್ಕೆ ಸಹಿ ಬೀಳುತ್ತದೆ. ಹಾಗೆಂದು ಮುಖ್ಯಸ್ಥರು ಮಾತು ಕೊಟ್ಟಿದ್ದರು.

"ಭಾವ, ಎಷ್ಟು ಬಂತು?" ಪಕ್ಕದ ಮೇಜಿನಿಂದ ಕತ್ತು ಚಾಚಿದವನು ಹೆಂಡತಿಯ ತಮ್ಮ. ಅವನನ್ನು ಕೆಲಸಕ್ಕೆ ಸೇರಿಸಿದ ಪಾಪ ಹನಿರಾಯರದೇ. ಸೇರಿದ ವರ್ಷವೇ ಅವನು ಕಾಯಂ ಆಗಿದ್ದ.

"ಸೊನ್ನೆ."

"ಬಿಡಿ ಭಾವ, ತಮಾಷೆ ಮಾಡ್ಬೇಡಿ. ನಂಗೆ ನೂರಾ ಎಂಬತ್ನಾಲ್ಕು."

"ನಿನ್ನ ಬ್ಯೂರೆಟ್ಟು ಇನ್ನೂ ಕಪಾಟಿನಲ್ಲೇ ಇದೆಯಲ್ಲೋ! ಎಲ್ಲಿಂದ ಬಂತು?"

"ಹೋದ ತಿಂಗಳು ನಲ್ಲಿ ನೀರಿಗೆ ಅಷ್ಟೇ ಬಂದಿತ್ತಲ್ಲ. ನೀರು ಅಂದ್ರೆ ನೀರೇ ತಾನೆ?"

ಹನಿರಾಯರ ಕಿವಿ ಕೆಂಪಾಯಿತು. ಆ ಗಳಿಗೆಯಲ್ಲಿ ಅವರ ಮೇಲೆ ಸೂಚಕ ಹಾಕಿದ್ದರೆ ನೂರಾ ಎಂಬತ್ನಾಲ್ಕಕ್ಕಿಂತ ಹೆಚ್ಚೇ ತೋರಿಸುತ್ತಿತ್ತು. ಅವರು ಮೂರನೆಯ ಮೇಜಿನ ಕಡೆ ತಿರುಗಿದರು. ಅಲ್ಲಿದ್ದವರು ಎಲ್ಲರಿಗೂ ಅಕ್ಕ, ನಿವೃತ್ತಿಯ ಹೊಸ್ತಿಲಲ್ಲಿದ್ದವರು.

"ಅಕ್ಕ, ನೀವಾದ್ರೂ ಅಳೆದ್ರಾ?"

"ಅಳೆಯೋದೇನು, ನಿಮ್ಮ ಭಾವಮೈದುನ ಸುಳ್ಳು ಹೇಳ್ತಾನಾ? ಇಬ್ಬರದೂ ಒಂದೇ ಆದ್ರೆ ನಕಲು ಅಂತಾರೆ. ಅದಕ್ಕೇ ಎರಡು ಸೇರಿಸಿ ನೂರಾ ಎಂಬತ್ತಾರು ಬರೆದೆ."

ನಾಲ್ಕನೆಯ ಮೇಜು ಮುಖ್ಯಸ್ಥರದು; ಅವರದು ಅಷ್ಟರಲ್ಲಾಗಲೇ ನೂರಾ ಎಂಬತ್ತೈದು. "ನಡುವಿನ ಅಂಕಿ ಯಾವತ್ತೂ ಮರ್ಯಾದಸ್ಥ ಅಂಕಿ ಕಣ್ರೀ," ಎಂದು ಅವರು ಮೀಸೆ ನೀವಿಕೊಂಡರು.

ಹನಿರಾಯರು ಮರಳಿ ಮೇಜಿಗೆ ಬಂದರು. ಸೂಚಕ ಕೆಟ್ಟಿದೆಯೇನೋ ಎಂದು ನಲ್ಲಿಯ ನೀರಿಗೆ ಹಾಕಿದರು. ಅದು ನಾಚಿದ ಮದುಮಗಳಂತೆ ಕೆಂಪಾಯಿತು. ಗಡಸುತನ ಮೊದಲೇ ಗೊತ್ತಿದ್ದ ದ್ರಾವಣವೊಂದನ್ನು ಅಳೆದರು; ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸರಿಹೊಂದಿತು. ಪರೀಕ್ಷಕಿಯ ನೀರನ್ನು ಎರಡನೆಯ ಸಲ ಅಳೆದರು. ಸೊನ್ನೆ. ಮೂರನೆಯ ಸಲಕ್ಕೆ ಬೇಕಾದಷ್ಟನ್ನು ಬೇರೆ ಕುಪ್ಪಿಗೆ ತೆಗೆದು, ಬಿರಡೆ ಬಿಗಿದು ಪಕ್ಕಕ್ಕಿಟ್ಟು, ಪಿಪೆಟ್ಟು ತೊಳೆಯಲು ಹೋದರು.

ಹಿಂತಿರುಗಿದಾಗ ಬಾಟಲಿಯ ನೀರು ಒಂದು ಬೆರಳಿನಷ್ಟು ಮೇಲೇರಿತ್ತು.

"ಯಾರೋ ಇದಕ್ಕೆ ಕೈ ಹಾಕಿದ್ದು?"

ಭಾವಮೈದುನ ಹಲ್ಲು ಕಿರಿದ. "ಒಂಚೂರು ನಲ್ಲಿ ನೀರು ಬೆರೆಸಿದೆ ಭಾವ. ನಿಮ್ಮ ಒಳ್ಳೇದಕ್ಕೇ. ಏನೂ ಬರದೇ ಇರೋದಕ್ಕಿಂತ ಏನಾದ್ರೂ ಬರ್ಲಿ ಅಂತ."

"ಅಯ್ಯೋ ಅಯೋಗ್ಯ! ವೈದ್ಯರು ಜ್ವರ ನೋಡೋಕೆ ಬಂದಾಗ ರೋಗಿ ಬಾಯಿಗೆ ಬೆಂಕಿ ಇಡ್ತೀಯೇನೋ!" ಹನಿರಾಯರು ಕೈ ಬೀಸಿದ ರಭಸಕ್ಕೆ ಸೂಚಕದ ಶೀಶೆ ಉರುಳಿತು; ಅಕ್ಕನ ಹೊಸ ಸೀರೆಯ ಸೆರಗಿನ ಮೇಲೆ ಭೂಪಟದ ಖಂಡದಂಥ ಒಂದು ಕರಿಯ ಗುರುತು ಮೂಡಿತು.

"ಸೊನ್ನೆ ಅನ್ನೋ ಮನುಷ್ಯನ ಕೈಲಿ ಇಷ್ಟು ಕಲೆ ಹೇಗ್ರೀ ಬಂತು?" ಎಂದು ಅಕ್ಕ ಕೂಗಿಕೊಂಡರು.

ಬಿರಡೆ ಬಿಗಿದ ಕುಪ್ಪಿ ಅದೃಷ್ಟವಶಾತ್ ಉಳಿದಿತ್ತು. ಶೀಶೆಯ ತಳದಲ್ಲಿ ಉಳಿದ ಸೂಚಕವನ್ನು ಕೆರೆದು ಹಾಕಿದರು. ನೀಲಿ. ಮೂರನೆಯ ಸೊನ್ನೆ.

ಗದ್ದಲ ಕೇಳಿ ಬಂದ ಮುಖ್ಯಸ್ಥರು ಅವರನ್ನು ಮೂಲೆಗೆ ಕರೆದರು. "ಮೂರು ಜನ ಒಂದೇ ಮಾತು ಹೇಳ್ತಿದ್ದಾರೆ. ನಿಮ್ಮದೊಂದೇ ಅಪಸ್ವರ."

"ಮೂರು ಗಡಿಯಾರ ಒಟ್ಟಿಗೆ ನಿಂತುಹೋದ್ರೆ ಅದೇ ಸರಿಯಾದ ಹೊತ್ತಾ ಸಾರ್?"

"ಗುಂಪಿನಿಂದ ದೂರ ನಿಂತ ಅಂಕಿ ಬಿಟ್ಟುಬಿಡಬೇಕು ಅಂತ ಪುಸ್ತಕದಲ್ಲೇ ಇದೆಯಲ್ರೀ."

"ಅದು ಅಳೆದ ಅಂಕಿಗಳ ಮಾತು ಸಾರ್. ಹುಟ್ಟಿಸಿದ ಅಂಕಿಗಳದ್ದಲ್ಲ!"

"ನೋಡಿ, ನಿಮ್ಮ ಆದೇಶ ನನ್ನ ಮೇಜಿನ ಮೇಲಿದೆ. ಪೆನ್ನಿನ ಮುಚ್ಚಳವನ್ನೂ ತೆಗೆದಿಟ್ಟಿದ್ದೀನಿ. ಇಂಕು ಒಣಗೋದ್ರೊಳಗೆ ಯೋಚನೆ ಮಾಡಿ."

ಅಷ್ಟರಲ್ಲಿ ಫೋನು ಬಂತು. ಆ ಕಡೆ ಹೆಂಡತಿ. "ಏನ್ರೀ, ತಮ್ಮ ಹೇಳಿದ. ಸೊನ್ನೆ ಸೊನ್ನೆ ಅಂತ ಹಟ ಹಿಡಿದು ಕೂತಿದ್ದೀರಂತೆ. ಹನ್ನೊಂದು ವರ್ಷದಿಂದ ಅದನ್ನೇ ತಾನೆ ಮನೆಗೆ ತರ್ತಿರೋದು? ಇವತ್ತೊಂದು ದಿನ ಬೇರೆ ಏನಾದ್ರೂ ಬರೀಬಾರ್ದಾ?"

ನಾಲ್ಕಕ್ಕೆ ಐದು ನಿಮಿಷವಿತ್ತು. 'ಗಡಸುತನ: ನೂರಾ ಎಂಬತ್ತೈದು' ಎಂಬ ವರದಿಯ ಕೆಳಗೆ ಮೂರು ಸಹಿಗಳು ನೆಮ್ಮದಿಯಾಗಿ ಮಲಗಿದ್ದವು. ಹನಿರಾಯರು ನಾಲ್ಕನೆಯದನ್ನು ಹಾಕಿದರು. ಹಾಕಿದ ಕೈಯನ್ನು ಅನ್ಯರದ್ದೆಂಬಂತೆ ದಿಟ್ಟಿಸಿದರು. ಬಳಿಕ ತಮ್ಮ ನೋಟ್‌ಬುಕ್ಕಿನಲ್ಲಿ, ಕಾಗದ ಹರಿಯುವಷ್ಟು ಒತ್ತಿ ಬರೆದರು: 'ಮೂರು ಬಾರಿ ಅಳೆದೆ. ಸೊನ್ನೆ, ಸೊನ್ನೆ, ಸೊನ್ನೆ. ಇದೇ ಸತ್ಯ. ಆದರೂ ನೂರಾ ಎಂಬತ್ತೈದಕ್ಕೆ ಸಹಿ ಹಾಕಿದ್ದೇನೆ. ಥೂ!'

ಪರೀಕ್ಷಕಿ ವರದಿ ಓದಿದರು, ಲಕೋಟೆ ಒಡೆದರು. "ನಾವು ಕೊಟ್ಟದ್ದು ಭಟ್ಟಿ ಇಳಿಸಿದ ಶುದ್ಧ ನೀರು. ಗಡಸುತನ ಸೊನ್ನೆ," ಎಂದರು.

ಮರುಕ್ಷಣವೇ ಹನಿರಾಯರು ಪುಟಿದೆದ್ದರು. "ನಾನು ಹೇಳಿದ್ದೆ ಮೇಡಂ! ಬೆಳಗ್ಗಿಂದ ಬಡ್ಕೊಂಡೆ! ನೋಡಿ, ಓದಿ, ನನ್ನ ಕೈಬರಹದಲ್ಲೇ ಇದೆ!" ನೋಟ್‌ಬುಕ್ಕನ್ನು ಆಕೆಯ ಮುಂದೆ ಬಿಡಿಸಿ ಹಿಡಿದರು. ಹನ್ನೊಂದು ವರ್ಷಗಳಲ್ಲಿ ಅವರ ಎದೆ ಅಷ್ಟು ಅಗಲವಾದದ್ದೇ ಇಲ್ಲ.

ಆಕೆ ನಿಧಾನವಾಗಿ ಓದಿದರು. 'ಥೂ' ಎಂಬುದನ್ನು ಎರಡು ಸಲ ಓದಿದರು. ಆಮೇಲೆ ಉಳಿದ ಮೂವರತ್ತ ತಿರುಗಿದರು. "ನೀವೇನಂತೀರಿ?"

"ತಪ್ಪಾಯ್ತು ಮೇಡಂ. ಗೊತ್ತಾಗಲಿಲ್ಲ," ಎಂದರು ಮುಖ್ಯಸ್ಥರು.

"ನಂಗೂ ಗೊತ್ತಾಗಲಿಲ್ಲಮ್ಮ," ಎಂದರು ಅಕ್ಕ.

"ನಂಗಂತೂ ಯಾವತ್ತೂ ಏನೂ ಗೊತ್ತಾಗಲ್ಲ," ಎಂದ ಭಾವಮೈದುನ. ಅಂದು ಅವನು ಆಡಿದ ಒಂದೇ ನಿಜ ಅದು.

"ಗೊತ್ತಿಲ್ಲದವರಿಗೆ ಕಲಿಸಬಹುದು," ಪರೀಕ್ಷಕಿ ಬರೆದುಕೊಳ್ಳತೊಡಗಿದರು. "ಮೂವರಿಗೂ ಎರಡು ವಾರ ತರಬೇತಿ. ನಮ್ಮ ಸಂಸ್ಥೆ ಸಮುದ್ರದ ದಂಡೆಯಲ್ಲಿದೆ. ಹೋಗಿಬರುವುದು, ಊಟ, ವಸತಿ ಎಲ್ಲ ನಮ್ಮದೇ. ಮುಗಿಸಿ ಬಂದ ಮೇಲೆ ಮತ್ತೊಂದು ಪರೀಕ್ಷೆ. ಅಲ್ಲಿವರೆಗೂ ಮಾನ್ಯತೆ ಹಾಗೇ ಇರಲಿ."

"ಮತ್ತೆ ನಾನು, ಮೇಡಂ?"

"ನೀವು ಗೊತ್ತಿದ್ದೂ ಸುಳ್ಳಿಗೆ ಸಹಿ ಹಾಕಿದ್ದೀರಿ. ಅದಕ್ಕೆ ತರಬೇತಿ ಇಲ್ಲ. ಅಂಥವರು ನಾಳೆಯಿಂದ ಈ ಮೇಜಿನ ಹತ್ತಿರ ಇರುವ ಹಾಗಿಲ್ಲ."

"ಅವರು ಅಳೀಲೇ ಇಲ್ಲ ಮೇಡಂ! ಕೂತಲ್ಲೇ ಅಂಕಿ ಹೆತ್ತರು!"

"ಪುರಾವೆ?"

ಮೂವರೂ ತಮ್ಮ ನೋಟ್‌ಬುಕ್ಕುಗಳನ್ನು ವಿನಯದಿಂದ ಮುಂದೆ ಸರಿಸಿದರು. ಒಂದೊಂದರಲ್ಲೂ ಮೂರು ಮೂರು ಅಳತೆ, ಮುತ್ತು ಪೋಣಿಸಿದಂಥ ಅಕ್ಷರ, ಎಲ್ಲೂ ಒಂದು ಗೀಚು ಇಲ್ಲ. ಆಕೆ ಅವುಗಳನ್ನೂ ಹನಿರಾಯರ ಹರಿದ ಹಾಳೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರು. "ಬರೆದಿಟ್ಟ ಪುರಾವೆ ಇರೋದು ನಿಮ್ಮೊಬ್ಬರ ಮೇಲೆ ಮಾತ್ರ. ಅದನ್ನೂ ನೀವೇ ಒದಗಿಸಿದ್ದೀರಿ."

ಹನಿರಾಯರು ಬಿಳಿಯ ಕೋಟನ್ನು ಬಿಚ್ಚಿ, ಮಡಿಸಿ, ಸ್ಟೂಲಿನ ಮೇಲಿಟ್ಟರು.

"ಭಾವ, ಸಮುದ್ರದ ಕಡೆಯಿಂದ ನಿಮಗೇನು ತರ್ಲಿ?" ಭಾವಮೈದುನ ನಿಜವಾದ ಅಕ್ಕರೆಯಿಂದಲೇ ಕೇಳಿದ.

ಹನಿರಾಯರು ಅವನನ್ನೊಮ್ಮೆ ನೋಡಿದರು, ಹೊರಟರು. ಅವರ ಹಿಂದೆ ಬಾಗಿಲು ಧಡಾರನೆ ಮುಚ್ಚಿಕೊಂಡಿತು.